ಬಿತ್ತುವ ಕಾಳು, ಉಣ್ಣುವ ಕಾಳು: ದ್ವಿದಳಧಾನ್ಯಗಳ ಬೀಜಶಿಲೀಂಧ್ರಗಳೂ ಅವುಗಳ ನಿವಾರಣೆಯ ಚರಿತ್ರೆಯೂ

ತೊಗರಿ, ಕಡಲೆ, ಹೆಸರು, ಉದ್ದು, ಅಲಸಂದೆ, ಅವರೆ, ಹುರುಳಿ ಮೊದಲಾದ ದ್ವಿದಳಧಾನ್ಯಗಳಿಗೆ ಒಂದು ವಿಶೇಷವುಂಟು. ಕಬ್ಬಿನ ಬಿತ್ತನೆಯ ತುಂಡನ್ನು ಯಾರೂ ಬೇಯಿಸಿ ಉಣ್ಣುವುದಿಲ್ಲ. ಹತ್ತಿಯ ಬೀಜವು ಮನೆಯ ಅಡುಗೆಗೆ ಸಾಮಾನ್ಯವಾಗಿ ಬರುವುದಿಲ್ಲ. ಭತ್ತವನ್ನು ಉಣ್ಣಬೇಕಾದರೆ ಮೊದಲು ಕುಟ್ಟಿ ಹೊಟ್ಟನ್ನು ಕಳೆಯಬೇಕು. ಆದರೆ ಹುರುಳಿ, ಅಲಸಂದೆ, ಹೆಸರುಗಳು ಮಡಕೆಯಿಂದ ತೆಗೆದು ಹಾಗೆಯೇ ಒಲೆಯ ಮೇಲಿಡತಕ್ಕ ಕಾಳುಗಳು. ಬಿತ್ತುವ ಕಾಳಿಗೂ ಉಣ್ಣುವ ಕಾಳಿಗೂ ರೂಪದಲ್ಲಿ ಭೇದವಿಲ್ಲ. ಅನೇಕ ರೈತರ ಮನೆಗಳಲ್ಲಿ ಅವೆರಡಕ್ಕೂ ಪಾತ್ರೆಯೂ ಒಂದೇ. ಮಳೆ ತಡವಾದ ವರ್ಷ ಬಿತ್ತನೆಗೆಂದು ಇಟ್ಟುದು ಊಟಕ್ಕೆ ಬರುವುದೂ, ಮಳೆ ಕೂಡಿಬಂದ ವರ್ಷ ಊಟಕ್ಕೆಂದು ಇಟ್ಟುದು ಹೊಲಕ್ಕೆ ಹೋಗುವುದೂ ಸಾಮಾನ್ಯವಾದ ಸಂಗತಿ.

ಇಂಥ ಕಾಳನ್ನು ಕೂಡಿಟ್ಟಾಗ ಅದಕ್ಕೆ ತಗಲುವ ಶಿಲೀಂಧ್ರಗಳನ್ನು, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳನ್ನು, ನಿವಾರಿಸುವ ಬಗೆ ಹೇಗೆ? ಈ ಪ್ರಶ್ನೆಗೆ ಸಸ್ಯರೋಗಶಾಸ್ತ್ರಜ್ಞರು ಮುಖ್ಯವಾಗಿ ಎರಡು ಉತ್ತರಗಳನ್ನು ಕೊಡುತ್ತಾರೆ. ಒಂದು, ರಾಸಾಯನಿಕ ಶಿಲೀಂಧ್ರನಾಶಕಗಳು. ಇನ್ನೊಂದು, ಬೇವು, ಬೆಳ್ಳುಳ್ಳಿ, ತುಳಸಿ ಮೊದಲಾದವುಗಳಿಂದ ತೆಗೆದ ಸಸ್ಯಸಾರಗಳು. ಇವುಗಳಲ್ಲಿ ಯಾವುದು ಹೆಚ್ಚು ಬಲವುಳ್ಳದ್ದು ಎಂಬ ವಿಚಾರವನ್ನು ಪ್ರಯೋಗಶಾಲೆಯು ನಿರ್ಣಯಿಸಬಲ್ಲದು. ಆದರೆ ಯಾವುದನ್ನು ಎಲ್ಲಿ ಬಳಸತಕ್ಕದ್ದು ಎಂಬ ವಿಚಾರವು ಪ್ರಯೋಗಶಾಲೆಯಲ್ಲಿ ಮುಗಿಯುವುದಿಲ್ಲ. ಅದು ಮನೆಯ ಕಣಜದವರೆಗೂ ಬರುತ್ತದೆ. ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯವನ್ನು ಕೈಗೆತ್ತಿಕೊಂಡಿರುವುದಕ್ಕೆ ಇದೇ ಕಾರಣ. ಬೀಜೋಪಚಾರದ ಚರಿತ್ರೆಯನ್ನು ನೋಡಿದರೆ, ಔಷಧವು ಸೋತುದರಿಂದ ಆದ ಕೇಡಿಗಿಂತ, ಬಿತ್ತುವ ಕಾಳಿಗೂ ಉಣ್ಣುವ ಕಾಳಿಗೂ ನಡುವಣ ಗೆರೆ ಅಳಿಸಿಹೋದುದರಿಂದ ಆದ ಕೇಡೇ ಹೆಚ್ಚು ಭಯಂಕರವಾದುದು ಎಂದು ತಿಳಿದುಬರುತ್ತದೆ. ಪ್ರಕೃತ ಲೇಖನದ ಉದ್ದೇಶ ಈ ಮಾತನ್ನು ವಿಶದಪಡಿಸುವುದು.

ಬೀಜದೊಡನೆ ಬರುವ ಶಿಲೀಂಧ್ರಗಳು

ಮೊದಲು ಶತ್ರುವಿನ ಸ್ವರೂಪವನ್ನು ಅರಿಯಬೇಕು. ಬೀಜಕ್ಕೆ ತಗಲುವ ಶಿಲೀಂಧ್ರಗಳನ್ನು ಸ್ಥೂಲವಾಗಿ ಎರಡು ಗುಂಪುಗಳಾಗಿ ವಿಂಗಡಿಸುವುದು ವಾಡಿಕೆ. ಹೊಲದಲ್ಲಿ ಕಾಯಿ ಬಲಿಯುತ್ತಿರುವಾಗಲೇ ಬೀಜವನ್ನು ಸೇರುವುವು ಮೊದಲನೆಯ ಗುಂಪಿನವು. ಫ್ಯುಸೇರಿಯಂ, ಆಲ್ಟರ್ನೇರಿಯ, ಕೊಲೆಟೊಟ್ರೈಕಂ, ಮ್ಯಾಕ್ರೊಫೊಮಿನ ಎಂಬುವು ಈ ಗುಂಪಿಗೆ ಸೇರಿದುವು. ಇವುಗಳಿಗೆ ಬೆಳೆಯಲು ಹೆಚ್ಚು ತೇವ ಬೇಕು. ಕಾಳು ಒಣಗಿದ ಮೇಲೆ ಇವು ಸಾಯದೆ ಸುಪ್ತವಾಗಿದ್ದು, ಬಿತ್ತಿದ ಕಾಳು ಮೊಳೆಯುವಾಗ ತಾವೂ ಎಚ್ಚತ್ತು ಮೊಳಕೆಯನ್ನು ಕೊಳೆಯಿಸುತ್ತವೆ, ಅಥವಾ ಗಿಡದೊಡನೆಯೇ ಬೆಳೆದು ಮುಂದೆ ರೋಗವನ್ನುಂಟುಮಾಡುತ್ತವೆ. ಎರಡನೆಯ ಗುಂಪಿನವು ಉಗ್ರಾಣದ ಶಿಲೀಂಧ್ರಗಳು. ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಂ ಕುಲಗಳವು. ಇವು ಕಡಮೆ ತೇವದಲ್ಲಿಯೂ ಬೆಳೆಯಬಲ್ಲುವು. ಕಾಳಿನ ಮೇಲೆ ಹಸುರು, ಕಪ್ಪು, ನೀಲಿ ಬಣ್ಣದ ಪುಡಿಯಂತೆ ಕಾಣುವುದು ಇವುಗಳ ಬೀಜಕಗಳ ರಾಶಿಯೇ. ಈ ವಿಂಗಡಣೆಯನ್ನು ಬಳಕೆಗೆ ತಂದವರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಕ್ಲೈಡ್ ಕ್ರಿಸ್ಟೆನ್‌ಸೆನ್ ಪ್ರಮುಖರು.

ಉಗ್ರಾಣದ ಶಿಲೀಂಧ್ರಗಳ ಬೆಳವಣಿಗೆಗೆ ತೇವವೇ ಮೂಲ. ಕಾಳುಗಳ ನಡುವಣ ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ೬೫ಕ್ಕಿಂತ ಕೆಳಗಿದ್ದರೆ ಅವು ಬೆಳೆಯಲಾರವು. ಭಾರತದ ಬೀಜ ಪ್ರಮಾಣೀಕರಣದ ನಿಯಮಗಳು ತೊಗರಿ, ಕಡಲೆ, ಹೆಸರು, ಉದ್ದುಗಳ ಬಿತ್ತನೆಯ ಬೀಜದಲ್ಲಿ ತೇವಾಂಶವು ನೂರಕ್ಕೆ ೯ನ್ನು ಮೀರಕೂಡದೆಂದೂ, ಗಾಳಿಯಾಡದ ಪೊಟ್ಟಣದಲ್ಲಿ ಕಟ್ಟುವುದಾದರೆ ೮ನ್ನು ಮೀರಕೂಡದೆಂದೂ ವಿಧಿಸಿರುವುದಕ್ಕೆ ಇದು ಆಧಾರ. ಬೀಜಶರೀರಶಾಸ್ತ್ರದಲ್ಲಿ ಹ್ಯಾರಿಂಗ್ಟನ್ನನ ಸೂತ್ರವೆಂದು ಪ್ರಸಿದ್ಧವಾದ ಒಂದು ಸ್ಥೂಲ ನಿಯಮವುಂಟು: ನೂರಕ್ಕೆ ೫ರಿಂದ ೧೪ರವರೆಗಿನ ತೇವಾಂಶದ ಮಿತಿಯಲ್ಲಿ, ತೇವವು ಒಂದು ಅಂಶ ಇಳಿದಂತೆ ಬೀಜದ ಆಯುಸ್ಸು ಇಮ್ಮಡಿಯಾಗುತ್ತದೆ. ಕಾಳನ್ನು ಚೆನ್ನಾಗಿ ಒಣಗಿಸುವ ಗೃಹಿಣಿಯು ಅತ್ಯಂತ ಬಲವಾದ ಬೀಜೋಪಚಾರವನ್ನು ಆಗಲೇ ಮಾಡಿ ಮುಗಿಸಿರುತ್ತಾಳೆ ಎಂದರೆ ಅತಿಶಯೋಕ್ತಿಯಲ್ಲ.

ತೇವಕ್ಕೆ ಸಹಾಯಕರಾಗಿ ಕೀಟಗಳು ಬರುತ್ತವೆ. ದ್ವಿದಳಧಾನ್ಯಗಳಿಗೆ ಕಾಳುದುಂಬಿಯ ಬಾಧೆ ಎಲ್ಲರಿಗೂ ತಿಳಿದುದೇ. ಅದು ಕಾಳಿನ ಮೇಲೆ ಮೊಟ್ಟೆಯನ್ನಂಟಿಸುತ್ತದೆ. ಮರಿಹುಳು ಒಳಹೊಕ್ಕು ತಿರುಳನ್ನು ತಿಂದು ಬೆಳೆದು, ದುಂಬಿಯಾದ ಮೇಲೆ ದುಂಡಾದ ರಂಧ್ರವನ್ನು ಬಿಟ್ಟು ಹೊರಬರುತ್ತದೆ. ಹುಳುಗಳ ಉಸಿರಾಟದಿಂದ ರಾಶಿಯೊಳಗೆ ಬಿಸಿಯೂ ತೇವವೂ ಏರುತ್ತವೆ. ಸಿಪ್ಪೆ ಒಡೆದ ಕಾಳು ಶಿಲೀಂಧ್ರಕ್ಕೆ ತೆರೆದ ಬಾಗಿಲಾಗುತ್ತದೆ. ಹುಳುವಿನ ಮೈಗಂಟಿದ ಬೀಜಕಗಳು ಕಾಳಿನಿಂದ ಕಾಳಿಗೆ ಹರಡುತ್ತವೆ. ಆದಕಾರಣ ಹುಳುವನ್ನು ತಡೆಯುವ ಉಪಾಯವೆಲ್ಲವೂ ಪರೋಕ್ಷವಾಗಿ ಬೂಷ್ಟನ್ನು ತಡೆಯುವ ಉಪಾಯವೇ ಆಗುತ್ತದೆ.

ಬೂಷ್ಟಿನಿಂದ ಬರುವ ನಷ್ಟವು ಮೊಳಕೆಯ ನಾಶದಲ್ಲಿಯೇ ಮುಗಿಯುವುದಿಲ್ಲ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಸತ್ತುವು. ಕಾರಣವನ್ನು ಹುಡುಕಿದಾಗ ಅವುಗಳಿಗೆ ಹಾಕಿದ ಕಡಲೆಕಾಯಿ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಉತ್ಪಾದಿಸಿದ ವಿಷವಿರುವುದು ಕಂಡುಬಂದಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ೧೯೭೪ರಲ್ಲಿ ಗುಜರಾತ್ ಮತ್ತು ರಾಜಸ್ಥಾನಗಳ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಉಂಡವರಲ್ಲಿ ಯಕೃತ್ತಿನ ರೋಗ ತೋರಿ ನೂರಕ್ಕೂ ಹೆಚ್ಚು ಮಂದಿ ಮಡಿದರು. ಆದುದರಿಂದ ಏನನ್ನೂ ಮಾಡದೆ ಸುಮ್ಮನಿರುವುದು ನಿರಪಾಯವಾದ ಮಾರ್ಗವೆಂದು ಭಾವಿಸಕೂಡದು.

ಅರ್ಥಶಾಸ್ತ್ರದ ಸಾಕ್ಷ್ಯವೂ ಮನೆವಾರ್ತೆಯ ಜ್ಞಾನವೂ

ನಮ್ಮ ದೇಶದಲ್ಲಿ ಬೀಜೋಪಚಾರವನ್ನು ಕುರಿತ ಪ್ರಾಚೀನ ಉಲ್ಲೇಖಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಸೀತಾಧ್ಯಕ್ಷ ಪ್ರಕರಣವು ಗಮನಾರ್ಹವಾದುದು. ಮೈಸೂರಿನ ಪ್ರಾಚ್ಯಪುಸ್ತಕ ಭಂಡಾರಕ್ಕೆ ೧೯೦೫ರಲ್ಲಿ ಬಂದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು ೧೯೦೯ರಲ್ಲಿ ಪ್ರಕಟಿಸಿದುದು ಸುಪ್ರಸಿದ್ಧ. ಬಿತ್ತುವ ಮುನ್ನ ಧಾನ್ಯದ ಬೀಜಗಳನ್ನು ಏಳು ರಾತ್ರಿಗಳ ಕಾಲ ಇಬ್ಬನಿಗೆ ಒಡ್ಡಿ ಹಗಲು ಬಿಸಿಲಿನಲ್ಲಿ ಒಣಗಿಸಬೇಕೆಂದೂ, ಕೋಶೀಧಾನ್ಯಗಳಿಗೆ, ಅಂದರೆ ಸೋಡಿಗೆಯಲ್ಲಿ ಬೆಳೆಯುವ ದ್ವಿದಳಗಳಿಗೆ, ಮೂರು ಅಥವಾ ಐದು ರಾತ್ರಿಗಳು ಸಾಕೆಂದೂ ಅಲ್ಲಿ ವಿಧಿಸಿದೆ. ಕಬ್ಬಿನಂಥ ಕಾಂಡಬೀಜಗಳ ಕೊಯ್ದ ತುದಿಗೆ ಜೇನು, ತುಪ್ಪ, ಹಂದಿಯ ಕೊಬ್ಬು, ಸಗಣಿಗಳನ್ನು ಬಳಿಯುವ ವಿಧಿಯೂ ಅಲ್ಲಿಯೇ ಇದೆ.

ಇಲ್ಲಿ ಇತಿಹಾಸಕಾರನು ಸ್ವಲ್ಪ ಎಚ್ಚರದಿಂದಿರಬೇಕು. ಕೌಟಿಲ್ಯನು ಶಿಲೀಂಧ್ರವನ್ನು ಅರಿತಿದ್ದನೆಂದು ಈ ವಾಕ್ಯಗಳಿಂದ ಸಾಧಿಸಲು ಬರುವುದಿಲ್ಲ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅದು ಸಾಧ್ಯವೂ ಅಲ್ಲ. ಬೀಜಕ್ಕೆ ಬಿತ್ತುವ ಮುನ್ನವೇ ಆರೈಕೆ ಬೇಕೆಂಬ ಅರಿವಿತ್ತು, ಧಾನ್ಯಕ್ಕೊಂದು ಕ್ರಮ, ದ್ವಿದಳಕ್ಕೊಂದು ಕ್ರಮ ಎಂಬ ಭೇದವನ್ನು ಗಮನಿಸಿದ್ದರು ಎಂದಷ್ಟೇ ಹೇಳಬಹುದು. ದ್ವಿದಳದ ಕಾಳು ನೀರನ್ನು ಬೇಗ ಹೀರಿ ಸಿಪ್ಪೆ ಬಿರಿಯುವುದನ್ನು ಕಂಡವರಿಗೆ ಅದರ ಅವಧಿಯನ್ನು ಕಡಮೆಮಾಡಿದುದು ಅಸಂಗತವೆನಿಸದು. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಳಕೊಟ್ಟಿರುವುದರಿಂದ, ಈ ಬಗೆಯ ವಿದ್ಯೆ ದೇಶಭಾಷೆಗೂ ಇಳಿದಿತ್ತೆಂಬುದು ಸ್ಪಷ್ಟ.

ಗ್ರಂಥಗಳಲ್ಲಿ ಸೇರಿದುದಕ್ಕಿಂತ ಮನೆಗಳಲ್ಲಿ ಉಳಿದು ಬಂದುದು ಹೆಚ್ಚು. ಕನ್ನಡನಾಡಿನ ಬಯಲುಸೀಮೆಯಲ್ಲಿ ರಾಗಿ, ಜೋಳಗಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿಯನ್ನು ಮುಚ್ಚುತ್ತಿದ್ದರು. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಇದನ್ನು ದಾಖಲಿಸಿದ್ದಾನೆ. ದ್ವಿದಳಗಳಿಗೆ ಮಡಕೆ, ಗುಡಾಣ, ವಾಡೆಗಳು ಆಶ್ರಯ. ತೊಗರಿಗೆ ಕೆಮ್ಮಣ್ಣಿನ ಬಗ್ಗಡವನ್ನು ಹಚ್ಚಿ ಬಿಸಿಲಿನಲ್ಲಿ ಒಣಗಿಸುವುದು, ಹೆಸರು ಅವರೆಗಳಿಗೆ ಬೂದಿಯನ್ನು ಬೆರಸುವುದು, ಬೇಳೆಗೆ ಹರಳೆಣ್ಣೆಯನ್ನು ಸವರುವುದು, ಬೇವಿನ ಸೊಪ್ಪನ್ನೂ ಲಕ್ಕಿಯ ಸೊಪ್ಪನ್ನೂ ಪದರ ಪದರವಾಗಿ ಹಾಸುವುದು, ಇವೆಲ್ಲ ನಮ್ಮ ಹಿರಿಯರಿಗೆ ಕೈಬಂದ ಕೆಲಸಗಳು. ಇಂದಿನ ವಿಜ್ಞಾನವು ಇವುಗಳಿಗೆ ಕಾರಣವನ್ನು ಕೊಡಬಲ್ಲದು. ಮಣ್ಣೂ ಬೂದಿಯೂ ಕೀಟದ ಮೈಮೇಲಣ ಮೇಣದ ಪದರವನ್ನು ಕೆಡಿಸಿ ಅದನ್ನು ಒಣಗಿಸುತ್ತವೆ. ಕಾಳುಗಳ ನಡುವಣ ಸಂದನ್ನು ತುಂಬಿ ಅದರ ಓಡಾಟವನ್ನು ತಡೆಯುತ್ತವೆ. ಎಣ್ಣೆಯ ತೆಳುಪದರವು ಮೊಟ್ಟೆಯ ಉಸಿರನ್ನು ಕಟ್ಟುತ್ತದೆ. ಇವುಗಳ ಮುಖ್ಯವಾದ ಕೆಲಸ ಹುಳುವನ್ನು ತಡೆಯುವುದಾದರೂ, ಮೇಲೆ ಹೇಳಿದಂತೆ ಹುಳು ನಿಂತರೆ ಬೂಷ್ಟಿನ ದಾರಿಯೂ ಅರ್ಧ ಮುಚ್ಚಿದಂತೆಯೇ. ಇನ್ನೊಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಡಬೇಕು. ಈ ಎಲ್ಲ ಉಪಚಾರಗಳಾದ ಮೇಲೂ ಕಾಳು ಉಣ್ಣಲು ಯೋಗ್ಯವಾಗಿಯೇ ಉಳಿಯುತ್ತಿತ್ತು. ಮಣ್ಣನ್ನು ತೊಳೆದರೆ, ಬೂದಿಯನ್ನು ಕೇರಿದರೆ ಸಾಕಾಗುತ್ತಿತ್ತು.

ಉಪ್ಪುನೀರಿನಿಂದ ಪಾದರಸದವರೆಗೆ

ಬೀಜೋಪಚಾರವು ಪ್ರಯೋಗಸಿದ್ಧವಾದ ಶಾಸ್ತ್ರವಾಗಿ ಬೆಳೆದದ್ದು ಯೂರೋಪಿನಲ್ಲಿ. ಅದೂ ದ್ವಿದಳಗಳ ಮೇಲಲ್ಲ, ಗೋಧಿಯ ಮೇಲೆ. ಇಂದು ಕಡಲೆಗೂ ತೊಗರಿಗೂ ಹಚ್ಚುವ ಔಷಧಗಳ ಪೂರ್ವಕಥೆ ಅಲ್ಲಿಯೇ ಇರುವುದರಿಂದ ಅದನ್ನು ಸಂಗ್ರಹವಾಗಿ ನೋಡಬೇಕು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಗೋಧಿ ತುಂಬಿದ ಹಡಗೊಂದು ಮುಳುಗಿತೆಂದೂ, ಸಮುದ್ರದ ನೀರಿನಲ್ಲಿ ನೆನೆದ ಆ ಗೋಧಿಯನ್ನು ಎತ್ತಿ ಬಿತ್ತಿದವರ ಬೆಳೆಗೆ ಮಾತ್ರ ಆ ವರ್ಷ ಕಾಡಿಗೆರೋಗ ತಗಲಲಿಲ್ಲವೆಂದೂ ಕೃಷಿಗ್ರಂಥಕಾರನಾದ ಜೆತ್ರೊ ಟಲ್ ಬರೆದಿದ್ದಾನೆ. ಬಿತ್ತನೆಯ ಗೋಧಿಯನ್ನು ಉಪ್ಪುನೀರಿನಲ್ಲಿ ನೆನೆಯಿಸುವ ಪದ್ಧತಿ ಹೀಗೆ ಹಬ್ಬಿತಂತೆ. ೧೭೫೫ರಲ್ಲಿ ಫ್ರಾನ್ಸಿನ ಮಾಥ್ಯು ತಿಯೆ ಎಂಬಾತನು ಹೊಲವನ್ನು ಪಾತಿಗಳಾಗಿ ವಿಂಗಡಿಸಿ, ಕಾಡಿಗೆಯ ಕರಿಪುಡಿಯನ್ನು ಹಚ್ಚಿದ ಬೀಜ, ಹಚ್ಚದ ಬೀಜ, ಸುಣ್ಣ ಉಪ್ಪುಗಳಿಂದ ಉಪಚರಿಸಿದ ಬೀಜ ಇವುಗಳನ್ನು ಬೇರೆ ಬೇರೆಯಾಗಿ ಬಿತ್ತಿ, ರೋಗವು ಆ ಪುಡಿಯಿಂದಲೇ ಹರಡುವುದನ್ನು ತೋರಿಸಿದನು. ಆದರೆ ಪುಡಿಯು ಜೀವವುಳ್ಳದ್ದೆಂದು ಅವನಿಗೆ ತಿಳಿಯಲಿಲ್ಲ.

ಅದನ್ನು ತಿಳಿಸಿದವನು ಬೆನೆದಿಕ್ಟ್ ಪ್ರೆವೊ. ೧೮೦೭ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವನು ಕಾಡಿಗೆಯ ಪುಡಿಯ ಕಣಗಳು ನೀರಿನಲ್ಲಿ ಮೊಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ವರ್ಣಿಸಿದನು. ತಾಮ್ರದ ಪಾತ್ರೆಯ ಸಂಪರ್ಕವಿದ್ದ ನೀರಿನಲ್ಲಿ ಅವು ಮೊಳೆಯದಿರುವುದು ಅವನ ಕಣ್ಣಿಗೆ ಬಿದ್ದಿತು. ಇದರಿಂದ ಮೈಲುತುತ್ತದ ದ್ರಾವಣದಲ್ಲಿ ಬೀಜವನ್ನು ನೆನೆಯಿಸುವ ಕ್ರಮ ಹುಟ್ಟಿತು. ತಾಮ್ರವೇ ೧೮೮೫ರಲ್ಲಿ ಮಿಲಾರ್ಡೆಯ ಬೋರ್ಡೊ ದ್ರಾವಣವಾಗಿ ದ್ರಾಕ್ಷಿಯ ತೋಟಗಳನ್ನು ಕಾಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ನರು ಇದನ್ನೇ ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಅನ್ವಯಿಸಿ ಯಶಸ್ವಿಯಾದುದು ನಮ್ಮ ನಾಡಿನ ಕೃಷಿಚರಿತ್ರೆಯ ಒಂದು ಮುಖ್ಯ ಘಟ್ಟ.

ತಾಮ್ರವು ಕೆಲವೊಮ್ಮೆ ಮೊಳಕೆಗೂ ಹಾನಿ ಮಾಡುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಜರ್ಮನಿಯಲ್ಲಿ ಪಾದರಸದ ಸಾವಯವ ಸಂಯುಕ್ತಗಳು ಬೀಜೋಪಚಾರಕ್ಕೆ ಬಂದುವು. ಅಲ್ಪ ಪ್ರಮಾಣದಲ್ಲಿ ಪರಿಣಾಮಕಾರಿ, ಬೆಲೆ ಸುಲಭ, ಬೀಜದ ಹೊರಗೂ ಒಳಗೂ ರೋಗವನ್ನು ಅಡಗಿಸುವ ಶಕ್ತಿ. ಹೀಗೆ ಎಲ್ಲ ಗುಣಗಳೂ ಅದರಲ್ಲಿದ್ದುವು. ಸುಮಾರು ಅರ್ಧಶತಮಾನದ ಕಾಲ ಲೋಕದ ನಾನಾ ಭಾಗಗಳಲ್ಲಿ ಪಾದರಸವೇ ಬೀಜದ ರಾಜವೈದ್ಯನಾಗಿತ್ತು. ಶಿಲೀಂಧ್ರವನ್ನು ಕೊಲ್ಲುವುದೊಂದನ್ನೇ ಗುಣವೆಂದು ಎಣಿಸುವುದಾದರೆ ಈ ಚರಿತ್ರೆ ಇಲ್ಲಿಗೇ ಮುಗಿಯಬಹುದಾಗಿತ್ತು.

ಗೆರೆ ಅಳಿಸಿದಾಗ

೧೯೭೧ರ ಶರತ್ಕಾಲದಲ್ಲಿ ಇರಾಕ್ ದೇಶಕ್ಕೆ, ಹಿಂದಿನ ಬರಗಾಲದ ಪರಿಹಾರವಾಗಿ, ಸುಮಾರು ೯೫ ಸಾವಿರ ಟನ್ ಗೋಧಿ ಮತ್ತು ಬಾರ್ಲಿಯ ಬೀಜ ಹಡಗುಗಳಲ್ಲಿ ಬಂದಿತು. ಅದಕ್ಕೆ ಮೀಥೈಲ್ ಪಾದರಸದ ಲೇಪವಾಗಿತ್ತು. ಉಣ್ಣಬಾರದೆಂದು ತಿಳಿಯಲು ಕೆಂಪುಬಣ್ಣವನ್ನೂ ಹಾಕಿದ್ದರು. ಎಚ್ಚರಿಕೆಯ ಮಾತುಗಳು ಚೀಲದ ಮೇಲೆ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿದ್ದುವು. ಅನೇಕ ಹಳ್ಳಿಗಳಿಗೆ ಬೀಜ ಮುಟ್ಟುವ ವೇಳೆಗೆ ಬಿತ್ತನೆಯ ಕಾಲ ಕಳೆದಿತ್ತು, ಮನೆಯಲ್ಲಿ ಹಸಿವಿತ್ತು. ಜನರು ಗೋಧಿಯನ್ನು ತೊಳೆದರು. ಬಣ್ಣ ಹೋಯಿತು, ವಿಷ ಹೋಗಲಿಲ್ಲ. ಕೆಲವರು ಕೋಳಿಗಳಿಗೆ ತಿನ್ನಿಸಿ ಕೆಲವು ದಿನ ಕಾದು ನೋಡಿದರು; ಈ ವಿಷದ ಲಕ್ಷಣಗಳು ವಾರಗಳ ತರುವಾಯ ತೋರುವಂಥವಾದುದರಿಂದ ಆ ಪರೀಕ್ಷೆಯೂ ಅವರನ್ನು ಕಾಪಾಡಲಿಲ್ಲ. ರೊಟ್ಟಿ ಮಾಡಿ ಉಂಡವರಲ್ಲಿ ೬,೫೩೦ ಮಂದಿ ಆಸ್ಪತ್ರೆಗಳನ್ನು ಸೇರಿದರೆಂದೂ, ೪೫೯ ಮಂದಿ ಆಸ್ಪತ್ರೆಗಳಲ್ಲಿ ಸತ್ತರೆಂದೂ ದಾಖಲೆಗಳು ಹೇಳುತ್ತವೆ. ಅದೇ ದೇಶದಲ್ಲಿ ೧೯೫೬ರಲ್ಲಿಯೂ ೧೯೬೦ರಲ್ಲಿಯೂ ಇಂಥದೇ ಅನಾಹುತಗಳು ನಡೆದಿದ್ದುವೆಂಬುದು ಇನ್ನೂ ಶೋಚನೀಯ.

ಔಷಧವು ಇಲ್ಲಿ ತನ್ನ ಕೆಲಸದಲ್ಲಿ ಸೋಲಲಿಲ್ಲ ಎಂಬುದನ್ನು ಗಮನಿಸಬೇಕು. ಬೀಜವು ಶಿಲೀಂಧ್ರದಿಂದ ಮುಕ್ತವಾಗಿಯೇ ಇತ್ತು. ಬಿತ್ತುವ ಕಾಳು ಬಿತ್ತನೆಗೇ ಹೋಗುತ್ತದೆಂಬ ಒಂದು ಮೌನವಾದ ಊಹೆ ಆ ಔಷಧದ ಬೆನ್ನಿಗಿತ್ತು. ಆ ಊಹೆ ಸುಳ್ಳಾಯಿತು. ಸ್ವೀಡನ್ ದೇಶವು ಹೊಲದ ಹಕ್ಕಿಗಳ ಸಾವನ್ನು ಕಂಡು ೧೯೬೬ರಲ್ಲಿಯೇ ಬೀಜಕ್ಕೆ ಆಲ್ಕೈಲ್ ಪಾದರಸವನ್ನು ನಿಷೇಧಿಸಿತ್ತು. ನಮ್ಮ ದೇಶಕ್ಕೂ ಈ ಬಗೆಯ ಪಾಠ ಹೊಸದಲ್ಲ. ೧೯೫೮ರಲ್ಲಿ ಕೇರಳದಲ್ಲಿ, ಸಾಗಣೆಯ ವೇಳೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಆಹಾರಪದಾರ್ಥಕ್ಕೆ ಬೆರೆತು ನೂರರಷ್ಟು ಜನ ಸತ್ತರು. ಅದರ ವಿಚಾರಣೆಯ ಫಲವಾಗಿಯೇ ೧೯೬೮ರ ಕೀಟನಾಶಕಗಳ ಅಧಿನಿಯಮ ಬಂದಿತು. ಅದೇ ವರ್ಷದ ಬೀಜನಿಯಮಗಳು ಉಪಚರಿಸಿದ ಬೀಜದ ಚೀಟಿಯ ಮೇಲೆ ಔಷಧದ ಹೆಸರನ್ನೂ, ಆಹಾರಕ್ಕಾಗಲಿ ಮೇವಿಗಾಗಲಿ ಎಣ್ಣೆಗಾಗಲಿ ಬಳಸಕೂಡದೆಂಬ ಎಚ್ಚರಿಕೆಯನ್ನೂ ಮುದ್ರಿಸಬೇಕೆಂದು ವಿಧಿಸಿದುವು. ಪಾದರಸದ ಕೊನೆಯ ಅವಶೇಷವಾಗಿ ಆಲೂಗೆಡ್ಡೆ ಮತ್ತು ಕಬ್ಬಿನ ಬಿತ್ತನೆಗೆ ಉಳಿದಿದ್ದ ಸಂಯುಕ್ತವನ್ನು ಭಾರತ ಸರ್ಕಾರ ೨೦೧೮ರಲ್ಲಿ ನಿಷೇಧಿಸಿತು.

ಇಂದಿನ ಶಿಲೀಂಧ್ರನಾಶಕಗಳು

ಪಾದರಸದ ಸ್ಥಾನಕ್ಕೆ ಬಂದುವುಗಳಲ್ಲಿ ಥೈರಂ ಒಂದು. ಅದು ಸೇರಿದ ಡೈಥಯೊಕಾರ್ಬಮೇಟ್ ವರ್ಗಕ್ಕೆ ಅಮೆರಿಕದಲ್ಲಿ ೧೯೩೪ರಲ್ಲಿ ಸ್ವಾಮ್ಯಪತ್ರ ದೊರೆಯಿತು. ಕ್ಯಾಪ್ಟಾನ್ ೧೯೫೦ರ ದಶಕದ ಆರಂಭದ್ದು. ಇವೆರಡೂ ಸ್ಪರ್ಶದಿಂದ ಕೊಲ್ಲುವಂಥವು. ಬೀಜದ ಹೊರಮೈಯನ್ನು ಕಾಯುತ್ತವೆ, ಒಳಹೊಕ್ಕ ರೋಗವನ್ನು ಮುಟ್ಟಲಾರವು. ೧೯೬೦ರ ದಶಕದ ಉತ್ತರಾರ್ಧದಲ್ಲಿ ಬಂದ ಕಾರ್ಬಾಕ್ಸಿನ್, ಬೆನೊಮಿಲ್, ಅನಂತರ ಬಂದ ಕಾರ್ಬೆಂಡಜಿಂ ಇವು ಬೀಜದ ಒಳಗೂ ಮೊಳಕೆಯ ಒಳಗೂ ಸಂಚರಿಸಬಲ್ಲ ಅಂತರ್ವ್ಯಾಪಿಗಳು. ಆದರೆ ಕಾರ್ಬೆಂಡಜಿಂ ಫ್ಯುಸೇರಿಯಂ, ಆಸ್ಪರ್ಜಿಲಸ್‌ಗಳ ಮೇಲೆ ಚೆನ್ನಾಗಿ ನಡೆದರೂ ಆಲ್ಟರ್ನೇರಿಯದ ಮೇಲೆ ನಡೆಯದು. ಒಂದೇ ತಾಣದಲ್ಲಿ ಪೆಟ್ಟುಕೊಡುವ ಔಷಧವಾದುದರಿಂದ ಶಿಲೀಂಧ್ರಗಳು ಅದಕ್ಕೆ ಬೇಗ ನಿರೋಧವನ್ನೂ ಬೆಳಸಿಕೊಳ್ಳುತ್ತವೆ. ಆದಕಾರಣ ಕಡಲೆಯಂಥ ಬೀಜಕ್ಕೆ ಕಿಲೋಗ್ರಾಂ ಒಂದಕ್ಕೆ ೨ ಗ್ರಾಂ ಥೈರಂ ಮತ್ತು ೧ ಗ್ರಾಂ ಕಾರ್ಬೆಂಡಜಿಂ ಬೆರಸಿ ಹಚ್ಚುವುದು ರೂಢಿಯಲ್ಲಿರುವ ಶಿಫಾರಸು.

ದ್ವಿದಳಗಳಲ್ಲಿ ಇನ್ನೊಂದು ತೊಡಕುಂಟು. ಇವುಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಉಪಕಾರಿಯಾದ ಏಕಾಣುಜೀವಿ ವಾಸಿಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಬೀಜಕ್ಕೆ ಅದನ್ನು ಹಚ್ಚಿ ಬಿತ್ತುವುದು ಇಂದಿನ ಪದ್ಧತಿ. ಶಿಲೀಂಧ್ರನಾಶಕವು ಶತ್ರುವನ್ನು ಮಾತ್ರ ಆರಿಸಿ ಕೊಲ್ಲುವುದಿಲ್ಲ. ಈ ಮಿತ್ರನಿಗೂ ಹಾನಿ ತಗಲಬಹುದು. ಆದುದರಿಂದ ಮೊದಲು ಶಿಲೀಂಧ್ರನಾಶಕ, ಅದು ಆರಿದ ಮೇಲೆ ಕೀಟನಾಶಕ, ಬಿತ್ತುವ ವೇಳೆಗೆ ಎಲ್ಲಕ್ಕೂ ಕಡೆಯಲ್ಲಿ ರೈಜೋಬಿಯಂ ಎಂಬ ಅನುಕ್ರಮವನ್ನು ಪಾಲಿಸಬೇಕು. ಟ್ರೈಕೊಡರ್ಮ ಎಂಬ ಮಿತ್ರಶಿಲೀಂಧ್ರವನ್ನು ಹಚ್ಚುವವರು ಅದನ್ನು ಕಾರ್ಬೆಂಡಜಿಂ ಜೊತೆ ಸೇರಿಸಬಾರದು.

ಈ ಔಷಧಗಳೂ ಪ್ರಶ್ನಾತೀತವಾಗಿ ಉಳಿದಿಲ್ಲ. ಭಾರತದಲ್ಲಿ ಬೆನೊಮಿಲ್ ೨೦೧೮ರಲ್ಲಿ ನಿಷಿದ್ಧವಾಯಿತು. ಐರೋಪ್ಯ ಒಕ್ಕೂಟವು ಅದೇ ವರ್ಷ ಥೈರಂಗೆ ಕೊಟ್ಟಿದ್ದ ಅನುಮತಿಯನ್ನು ಮುಂದುವರಿಸಲಿಲ್ಲ. ೨೦೨೦ರಲ್ಲಿ ನಮ್ಮ ಕೇಂದ್ರ ಸರ್ಕಾರ ೨೭ ಪೀಡೆನಾಶಕಗಳ ನಿಷೇಧವನ್ನು ಸೂಚಿಸಿ ಹೊರಡಿಸಿದ ಕರಡಿನಲ್ಲಿ ಥೈರಂ, ಕ್ಯಾಪ್ಟಾನ್, ಕಾರ್ಬೆಂಡಜಿಂ ಮೂರೂ ಇದ್ದುವು. ೨೦೨೩ರ ಆಜ್ಞೆಯಲ್ಲಿ ಇವು ನಿಷೇಧಕ್ಕೆ ಒಳಗಾಗಲಿಲ್ಲ. ಒಂದು ಪೀಳಿಗೆ ನಿರಪಾಯವೆಂದು ನಂಬಿದುದನ್ನು ಮುಂದಿನ ಪೀಳಿಗೆ ಮತ್ತೆ ತೂಗಿ ನೋಡುವುದು ಈ ಚರಿತ್ರೆಯಲ್ಲಿ ಮರಳಿ ಮರಳಿ ಕಾಣುವ ಸಂಗತಿ.

ಸಸ್ಯಸಾರಗಳ ಪರೀಕ್ಷೆ

ಸಸ್ಯಸಾರಗಳ ಗುಣವನ್ನು ಅಳೆಯುವ ಕ್ರಮವನ್ನು ವಿದ್ಯಾರ್ಥಿಗಳು ಅರಿತಿರುವುದು ಒಳ್ಳೆಯದು. ಬೀಜದ ಮೇಲಿರುವ ಶಿಲೀಂಧ್ರಗಳನ್ನು ಗುರುತಿಸಲು ಒದ್ದೆಯ ಒತ್ತುಕಾಗದದ ವಿಧಾನವಿದೆ. ನಾನೂರು ಬೀಜಗಳನ್ನು ತಟ್ಟೆಗಳಲ್ಲಿ ಒದ್ದೆಯಾದ ಒತ್ತುಕಾಗದದ ಮೇಲೆ ಜೋಡಿಸಿ, ಸುಮಾರು ೨೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆಯಂತೆ ಏಳು ದಿನ ಇಟ್ಟು, ಅನಂತರ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಬೀಜದ ಹೊರಮೈಯನ್ನು ಹೈಪೊಕ್ಲೋರೈಟಿನಿಂದ ತೊಳೆದು ಇದೇ ಪರೀಕ್ಷೆಯನ್ನು ಮಾಡಿದಾಗಲೂ ಶಿಲೀಂಧ್ರ ಕಂಡರೆ ಅದು ಬೀಜದ ಒಳಗಿದೆಯೆಂದು ತಿಳಿಯಬೇಕು. ಡೆನ್ಮಾರ್ಕಿನ ಪೌಲ್ ನೇರ್ಗಾರ್ಡ್ ೧೯೬೭ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸ್ಥಾಪಿಸಿದ ಬೀಜರೋಗಶಾಸ್ತ್ರದ ಸಂಸ್ಥೆಯು ಇಂಥ ವಿಧಾನಗಳನ್ನು ಏಷ್ಯ ಆಫ್ರಿಕಗಳ ದೇಶಗಳಿಗೆ ಕಲಿಸಿಕೊಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬೀಜರೋಗಶಾಸ್ತ್ರದ ಅಧ್ಯಯನ ಬೇರೂರಿದುದಕ್ಕೂ ಈ ಡೇನಿಷ್ ಸಂಬಂಧ ನೆರವಾಯಿತು.

ಸಾರದ ಬಲವನ್ನು ಅಳೆಯಲು, ಅದನ್ನು ಶಿಲೀಂಧ್ರದ ಆಹಾರವಾದ ಆಲೂಗೆಡ್ಡೆಯ ಅಗರಿನಲ್ಲಿ ಬೆರಸಿ, ನಡುವೆ ಶಿಲೀಂಧ್ರದ ಒಂದು ಬಿಲ್ಲೆಯನ್ನಿಟ್ಟು ಅದರ ಹರವನ್ನು ಅಳೆಯುತ್ತಾರೆ. ಸಾರವಿಲ್ಲದ ತಟ್ಟೆಯಲ್ಲಿ ಹರವು ೮೦ ಮಿಲಿಮೀಟರ್, ಸಾರವಿದ್ದುದರಲ್ಲಿ ೨೦ ಮಿಲಿಮೀಟರ್ ಎಂದು ಕಲ್ಪಿಸಿಕೊಂಡರೆ, ತಗ್ಗಿದುದು ೬೦. ಎಂದರೆ ಪ್ರತಿಬಂಧವು ನೂರಕ್ಕೆ ೭೫. ಬೆಳ್ಳುಳ್ಳಿಯ ಅಲಿಸಿನ್, ಲವಂಗ ತುಳಸಿಗಳ ಯೂಜಿನಾಲ್, ಹೊಂಗೆಯ ಕರಂಜಿನ್, ಬೇವಿನ ಹಲವು ಕಹಿದ್ರವ್ಯಗಳು ಇಂಥ ಪರೀಕ್ಷೆಗಳಲ್ಲಿ ತಮ್ಮ ಗುಣವನ್ನು ತೋರಿಸಿವೆ. ಬೆಳ್ಳುಳ್ಳಿಯ ಅಲಿಸಿನ್ ೧೯೪೪ರಲ್ಲಿಯೇ ಬೇರ್ಪಟ್ಟಿತು.

ಆದರೆ ತಟ್ಟೆಯಲ್ಲಿ ಕಂಡ ಗುಣವು ಕಣಜದಲ್ಲಿ ಅಷ್ಟೇ ಉಳಿಯುತ್ತದೆಂದು ನಂಬಲಾಗದು. ಮರ, ಋತು, ಮಣ್ಣು, ಸಾರ ತೆಗೆದ ರೀತಿ ಇವುಗಳಿಗೆ ಅನುಸಾರವಾಗಿ ಸಾರದ ಬಲ ಬದಲಾಗುತ್ತದೆ. ಅನೇಕ ಸಾರಗಳು ಬಿಸಿಲಿಗೂ ಗಾಳಿಗೂ ಬೇಗ ಕೆಡುತ್ತವೆ. ಬೀಜದ ಒಳಗಿನ ರೋಗವನ್ನು ಅವು ಸಾಮಾನ್ಯವಾಗಿ ಮುಟ್ಟಲಾರವು. ನೀರಿನಲ್ಲಿ ತೆಗೆದ ಸಾರವನ್ನು ಹಚ್ಚಿ ಸರಿಯಾಗಿ ಒಣಗಿಸದಿದ್ದರೆ, ಯಾವ ತೇವವನ್ನು ಕಳೆಯಬೇಕಾಗಿತ್ತೋ ಅದನ್ನೇ ಬೀಜಕ್ಕೆ ಕೊಟ್ಟಂತಾಗುತ್ತದೆ. ಎಣ್ಣೆ ಹೆಚ್ಚಾದರೆ ಮೊಳೆಯುವ ಶಕ್ತಿ ಕುಂದಬಹುದು. ಇನ್ನು, ಗಿಡದಿಂದ ಬಂದುದೆಲ್ಲ ನಿರಪಾಯವೆಂಬ ಭಾವನೆಯೂ ಸಲ್ಲದು. ಕಾಳಿನ ರಕ್ಷಣೆಗೆ ಬಹುಕಾಲದಿಂದ ಬಳಸಿದ ಬಜೆಯ ಬೇರಿನಲ್ಲಿ ಬೀಟಾ-ಅಸರೋನ್ ಎಂಬ ದ್ರವ್ಯವಿದೆ. ಅದು ಇಲಿಗಳಲ್ಲಿ ಗೆಡ್ಡೆಗಳನ್ನುಂಟುಮಾಡಿದುದು ತಿಳಿದಮೇಲೆ ಅಮೆರಿಕವು ಬಜೆಯನ್ನು ಆಹಾರದಲ್ಲಿ ಸೇರಿಸುವುದನ್ನು ೧೯೬೮ರಲ್ಲಿ ನಿಷೇಧಿಸಿತು. ಅಡುಗೆಮನೆಯ ಪರಿಚಯವುಳ್ಳ ಬೆಳ್ಳುಳ್ಳಿ ಅರಿಸಿನಗಳ ಸ್ಥಾನ ಬೇರೆ, ಬಜೆಯ ಸ್ಥಾನ ಬೇರೆ.

ಎರಡು ಕಾಳು, ಎರಡು ಕ್ರಮ

ಮೇಲಿನ ವಿಚಾರಗಳಿಂದ ನಾವು ತಲಪುವ ನಿರ್ಣಯ ಇದು. ಶಿಲೀಂಧ್ರನಾಶಕ ಮತ್ತು ಸಸ್ಯಸಾರ ಇವು ಒಂದೇ ಕಣದಲ್ಲಿ ಸೆಣಸುವ ಎದುರಾಳಿಗಳಲ್ಲ. ಎರಡು ಬೇರೆ ಕಾಳುಗಳಿಗೆ ಸಲ್ಲುವ ಎರಡು ಕ್ರಮಗಳು. ಬಿತ್ತನೆಗೆಂದೇ ಖಚಿತವಾದ, ಬೇರೆ ಚೀಲದಲ್ಲಿ ಬೇರೆ ಜಾಗದಲ್ಲಿರುವ ಬೀಜಕ್ಕೆ, ಬಿತ್ತುವ ಕಾಲ ಒದಗಿದಾಗ, ಅಳತೆಯಲ್ಲಿ ಶಿಲೀಂಧ್ರನಾಶಕವನ್ನು ಹಚ್ಚುವುದು ಯುಕ್ತ. ಹೊಲದಿಂದ ಬೀಜದೊಳಗೆ ಸೇರಿ ಬಂದ ರೋಗಕ್ಕೆ ಸಸ್ಯಸಾರವು ಅದರಷ್ಟು ಸಮರ್ಥವಲ್ಲ. ಮಿಕ್ಕ ತಿಂಗಳುಗಳಲ್ಲಿ, ಬೀಜವೋ ಊಟವೋ ಎಂದು ಇನ್ನೂ ನಿರ್ಧಾರವಾಗದೆ ಕಣಜದಲ್ಲಿರುವ ಕಾಳಿಗೆ, ಉಂಡರೆ ಅಪಾಯವಿಲ್ಲದ ಉಪಚಾರವೊಂದೇ ತಕ್ಕದ್ದು: ಚೆನ್ನಾಗಿ ಒಣಗಿಸುವುದು, ಒಡಕು ಕಾಳನ್ನು ಆರಿಸಿ ತೆಗೆಯುವುದು, ಕಿಲೋಗ್ರಾಂಗೆ ೫ರಿಂದ ೧೦ ಮಿಲಿಲೀಟರ್ ಅಡುಗೆಯ ಎಣ್ಣೆಯನ್ನೋ, ಜರಡಿಹಿಡಿದ ಬೂದಿಯನ್ನೋ, ಕೆಮ್ಮಣ್ಣನ್ನೋ ಸವರುವುದು, ಗಾಳಿಯಾಡದಂತೆ ಮುಚ್ಚಿಡುವುದು. ೧೯೮೦ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮೆರೂನಿನಲ್ಲಿ ಅಲಸಂದೆಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು ರೂಪಿಸಿದ ಮೂರು ಪದರದ ಚೀಲವು ಔಷಧವೇ ಇಲ್ಲದೆ, ಒಳಗಿನ ಪ್ರಾಣವಾಯುವನ್ನು ಮುಗಿಸಿ ಹುಳುವನ್ನು ಕೊಲ್ಲುತ್ತದೆ. ಬಾಯಿ ಮುಚ್ಚಿದ ನಮ್ಮ ಹಗೇವಿನ ತತ್ತ್ವವೂ ಬಹುಮಟ್ಟಿಗೆ ಇದೇ. ಬೂಷ್ಟು ಬಲವಾಗಿ ಹಿಡಿದ ಕಾಳನ್ನಂತೂ ಯಾವ ಸಾರದಿಂದಲೂ ಶುದ್ಧಿಮಾಡಿ ಉಣ್ಣಲು ಯತ್ನಿಸಕೂಡದು. ಅಫ್ಲಟಾಕ್ಸಿನ್ ಸಾಮಾನ್ಯವಾದ ಬೇಯಿಸುವಿಕೆಯಿಂದ ನಾಶವಾಗುವುದಿಲ್ಲ.

ಔಷಧ ಹಚ್ಚಿದ ಬೀಜ ಮಿಕ್ಕರೆ ಏನು ಮಾಡಬೇಕೆಂಬುದು ಸಣ್ಣ ಪ್ರಶ್ನೆಯಂತೆ ತೋರುತ್ತದೆ; ಇರಾಕಿನ ದುರಂತವೆಲ್ಲ ಅದರಲ್ಲಿಯೇ ಅಡಗಿತ್ತು. ಬೇಕಾದಷ್ಟಕ್ಕೆ ಮಾತ್ರ ಹಚ್ಚಬೇಕು. ಮಿಕ್ಕುದನ್ನು ಅಡುಗೆಗಾಗಲಿ ದನಕರುಗಳಿಗಾಗಲಿ ಕೋಳಿಗಳಿಗಾಗಲಿ ಕೊಡಕೂಡದು. ಆ ಚೀಲವನ್ನು ಮತ್ತೆ ಧಾನ್ಯಕ್ಕೆ ಬಳಸಕೂಡದು. ಎಚ್ಚರಿಕೆಯ ಚೀಟಿ ಓದುವವರ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಚೀಟಿಗಿಂತ ಬಾಯಿಮಾತೇ ಪ್ರಮಾಣ; ಆ ಮಾತನ್ನು ಮನೆಯಲ್ಲಿ ಕಾಳನ್ನು ಅಳೆದು ಕೊಡುವವರಿಗೆ, ಅಂದರೆ ಬಹುಮಟ್ಟಿಗೆ ಹೆಂಗಸರಿಗೆ, ತಿಳಿಸಬೇಕು. ಬೀಜೋಪಚಾರದ ತರಬೇತಿಗಳು ಗಂಡಸರಿಗೇ ಸೀಮಿತವಾದರೆ ಗೆರೆಯನ್ನು ಕಾಯುವವರಿಗೆ ಗೆರೆಯ ಅರಿವೇ ಇರುವುದಿಲ್ಲ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಹಲವರು ಇಂದಿಗೂ ಇಂಥ ಮನೆಗಳಿಂದಲೇ ಬರುತ್ತಾರೆ. ಸಸ್ಯಶಾಸ್ತ್ರದ ವಿದ್ಯಾರ್ಥಿಯು ಒತ್ತುಕಾಗದದ ಮೇಲೆ ಶಿಲೀಂಧ್ರವನ್ನು ಎಣಿಸುವಾಗ, ಇತಿಹಾಸದ ವಿದ್ಯಾರ್ಥಿಯು ತನ್ನೂರಿನಲ್ಲಿ ಕಾಳನ್ನು ಯಾವ ಪಾತ್ರೆಯಲ್ಲಿ, ಏನನ್ನು ಹಚ್ಚಿ, ಎಷ್ಟು ತಿಂಗಳು ಇಡುತ್ತಾರೆ, ಬಿತ್ತನೆಯ ಕಾಳನ್ನು ಯಾವಾಗ ಬೇರೆ ಮಾಡುತ್ತಾರೆ ಎಂಬುದನ್ನು ಕೇಳಿ ಬರೆದುಕೊಂಡರೆ, ಎರಡು ವಿಭಾಗಗಳೂ ಒಂದೇ ಪ್ರಶ್ನೆಯ ಎರಡು ಅರ್ಧಗಳನ್ನು ತುಂಬಿದಂತಾಗುವುದು. ಬಿತ್ತನೆಯ ಕಾಳು ಬೇರೆಯಾಗುವ ದಿನ ಯಾವುದೆಂಬುದನ್ನು ಅರಿಯದೆ, ಅದಕ್ಕೆ ಯಾವ ಔಷಧವೆಂದು ಹೇಳುವುದು ಸಾಧ್ಯವಿಲ್ಲ.